ಅಜ್ಞಾತನಿಗೆ ಇಟ್ಟ ಕಾಣಿಕೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಶ್ಚಿಮದ ಅಂಚಿಗಿರುವ ಓರೆಗನ್ ಪ್ರಾಂತದಲ್ಲಿ ಲಿಂಕನ್ ಸಿಟಿ ಎಂಬ ಒಂದು ಸಣ್ಣ ಪಟ್ಟಣವಿರುವುದು. ಪೆಸಿಫಿಕ್ ಮಹಾಸಾಗರದ ದಡದಲ್ಲಿ ಸಾಲಾಗಿ ನಿಂತಿದ್ದ ಐದು ಪುಟ್ಟ ಊರುಗಳು 1965ರಲ್ಲಿ ಒಂದುಗೂಡಿ ಈ ಪಟ್ಟಣವಾದವು. ಇದಕ್ಕೆ ಹೇಳಿಕೊಳ್ಳುವಂತಹ ಕಾರ್ಖಾನೆಗಳಿಲ್ಲ, ಅರಮನೆಗಳಿಲ್ಲ, ಯುದ್ಧ ನಡೆದ ಕೀರ್ತಿಯೂ ಇಲ್ಲ. ಇರುವುದು ಸುಮಾರು 7 ಮೈಲಿ ಉದ್ದದ ಮರಳ ದಂಡೆ. ಈ ದಂಡೆಯಲ್ಲಿ ವರ್ಷಕ್ಕೆ ಮೂರು ಸಾವಿರಕ್ಕೂ ಮೇಲ್ಪಟ್ಟು ಗಾಜಿನ ಗೋಲಗಳನ್ನು, ಕುಶಲರಾದ ಕೆಲಸಗಾರರು ಉಸಿರೂದಿ ಮಾಡಿದವುಗಳನ್ನು, ಒಂದೊಂದಾಗಿ ತಂದು ಮರೆಮಾಡಿ ಇಡುವರು. ಕಂಡವನು ಎತ್ತಿಕೊಂಡು ಹೋಗಬಹುದು. ಅದಕ್ಕೆ ಬೆಲೆಯಿಲ್ಲ, ಚೀಟಿಯಿಲ್ಲ. ನೀನಾರು, ಎಲ್ಲಿಯವನು ಎಂದು ಕೇಳುವವರೂ ಇಲ್ಲ.

ಈ ಪದ್ಧತಿಯು 1999ನೆಯ ಇಸವಿಯ ಚಳಿಗಾಲಕ್ಕೆ ಮುಂಚೆ ಆರಂಭವಾಯಿತು. ಬರಲಿದ್ದ 2000ನೆಯ ಇಸವಿಯನ್ನು ಸ್ವಾಗತಿಸುವುದು ಹೇಗೆಂದು ಜಗತ್ತಿನ ದೊಡ್ಡ ದೊಡ್ಡ ನಗರಗಳೆಲ್ಲ ಬಾಣಬಿರುಸುಗಳಿಗೆ ಹಣ ತೆಗೆದಿಡುತ್ತಿದ್ದಾಗ, ಈ ಊರಿನವರು ಸ್ಥಳೀಯ ಕಲಾವಿದನೊಬ್ಬನ ಸಲಹೆಯಂತೆ 2000 ಗಾಜಿನ ಗೋಲಗಳನ್ನು ಮಾಡಿಸಿ ದಂಡೆಯಲ್ಲಿ ಅಡಗಿಸಲು ನಿಶ್ಚಯಿಸಿದರು. ಬಾಣಬಿರುಸು ಒಂದು ರಾತ್ರಿಯಲ್ಲಿ ಬೂದಿಯಾಯಿತು. ಗೋಲಗಳು ಇಂದಿಗೂ ನಿಂತಿಲ್ಲ. ಪ್ರತಿಯೊಂದು ಗೋಲದ ಮೇಲೆ ಅದನ್ನು ಮಾಡಿದವನ ಸಹಿಯೂ ಒಂದು ಅಂಕಿಯೂ ಇರುವುವು. ಉಬ್ಬರದ ನೀರು ಮುಟ್ಟದಷ್ಟು ಮೇಲೆ, ದಡದ ಏರಿಗಿಂತ ಕೆಳಗೆ, ದಿಮ್ಮಿಯ ಮಗ್ಗುಲಲ್ಲೋ ಬಂಡೆಯ ಸಂದಿಯಲ್ಲೋ ಅದು ಕುಳಿತಿರುವುದು. ಇಡುವವರು ಊರಿನ ಸ್ವಯಂಸೇವಕರು. ಅವರನ್ನು ಅಲ್ಲಿಯವರು ನಗುತ್ತ ಗೋಲದ ಯಕ್ಷಿಣಿಯರೆಂದು ಕರೆಯುವರು. ಗೋಲ ದೊರೆತವನು ಇಷ್ಟವಿದ್ದರೆ ಅಂಕಿಯನ್ನು ಪಟ್ಟಣದ ಪ್ರವಾಸಿ ಕಚೇರಿಗೆ ತಿಳಿಸಬಹುದು. ಆಗ ಮಾಡಿದ ಕಲಾವಿದನ ವಿಚಾರವಾಗಿ ಒಂದು ಪತ್ರ ಅವನಿಗೆ ಬರುವುದು. ಇಷ್ಟವಿಲ್ಲದಿದ್ದರೆ ಸುಮ್ಮನೆ ಮನೆಗೆ ಹೋಗಬಹುದು.

ದೇಶದ ಮುಂದೆ ನೂರೆಂಟು ತೊಡಕುಗಳಿರುವಾಗ ಸಂಪಾದಕೀಯ ಪುಟದಲ್ಲಿ ಗಾಜಿನ ಗುಂಡಿನ ಮಾತೇತಕ್ಕೆಂದು ನಮ್ಮ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸುವರೆಂಬುದನ್ನು ನಾವು ಬಲ್ಲೆವು. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಒಂದು ಊರಿನ ಜನರು ಒಬ್ಬರನ್ನೊಬ್ಬರು ಎಷ್ಟು ನಂಬುವರು, ಆ ಊರಿನ ಬಯಲು ಎಷ್ಟರಮಟ್ಟಿಗೆ ಸರ್ವರದು, ಅಲ್ಲಿಯ ಕುಶಲಕರ್ಮಿಗೆ ಎಷ್ಟು ಗೌರವವುಂಟು, ಎಂಬ ಮೂರು ಪ್ರಶ್ನೆಗಳಿಗೆ ಈ ಚಿಕ್ಕ ಆಟದಲ್ಲಿ ಉತ್ತರ ದೊರೆಯುವುದು. ಈ ಮೂರೂ ಚಿಕ್ಕ ಪ್ರಶ್ನೆಗಳಲ್ಲ.

ಗಾಜಿನ ಗೋಲವೇ ಏಕೆ? ಇದರಲ್ಲಿ ಒಂದು ಕಥೆಯುಂಟು. ಮೀನುಬಲೆಯು ಮುಳುಗದಂತೆ ತೇಲಿಸಲು ಟೊಳ್ಳು ಗಾಜಿನ ಗೋಲಗಳನ್ನು ಕಟ್ಟುವ ಪದ್ಧತಿ 1840ರ ದಶಕದಲ್ಲಿ ನಾರ್ವೆಯಲ್ಲಿ ಹುಟ್ಟಿತು. 1910ರ ಸುಮಾರಿಗೆ ಜಪಾನಿನ ಬೆಸ್ತರು ಅದನ್ನು ಕೈಕೊಂಡರು. ಹಳೆಯ ಮದ್ಯದ ಸೀಸೆಗಳನ್ನು ಕರಗಿಸಿ ಊದಿದ ಆ ಗೋಲಗಳು ಹೆಚ್ಚಾಗಿ ಹಸುರು ಛಾಯೆಯವು. ಬಿರುಗಾಳಿಯಲ್ಲಿ ಬಲೆ ಹರಿದಾಗ ಗೋಲಗಳು ಬಿಡಿಸಿಕೊಂಡು, ಕುರೋಶಿಯೋ ಎಂಬ ಸಾಗರಪ್ರವಾಹಕ್ಕೆ ಸಿಕ್ಕಿ, ಸಾವಿರಾರು ಮೈಲಿ ತೇಲಿ, ವರ್ಷಗಳ ತರುವಾಯ ಅಮೆರಿಕದ ಪಶ್ಚಿಮ ತೀರಕ್ಕೆ ಬಂದು ಬೀಳುತ್ತಿದ್ದವು. ಬಿರುಗಾಳಿಯ ಮರುದಿನ ದಂಡೆಗೆ ಹೋಗಿ ಗೋಲ ಹುಡುಕುವುದು ಆ ತೀರದವರ ಚಳಿಗಾಲದ ವಾಡಿಕೆಯಾಯಿತು. ಜಪಾನಿನ ಯಾವನೋ ಬೆಸ್ತ ಕಳೆದುಕೊಂಡುದು ಓರೆಗನ್ನಿನ ಯಾವಳೋ ಬಾಲಿಕೆಗೆ ಸಿಕ್ಕುತ್ತಿತ್ತು. ಎರಡು ದೇಶಗಳು ಯುದ್ಧ ಮಾಡಿದ ಕಾಲದಲ್ಲಿಯೂ ಸಮುದ್ರವು ಈ ವಿನಿಮಯವನ್ನು ನಿಲ್ಲಿಸಲಿಲ್ಲ. ಮುಂದೆ ಪ್ಲಾಸ್ಟಿಕ್ಕಿನ ತೇಲುಗಳು ಬಂದವು, ಗಾಜಿನವು ಅಪರೂಪವಾದವು. ಸಮುದ್ರವು ಕೊಡುವುದನ್ನು ಕಡಿಮೆಮಾಡಿದಾಗ ಊರು ಆ ಕೆಲಸವನ್ನು ತಾನೇ ವಹಿಸಿಕೊಂಡಿತು. ಇದರಲ್ಲಿ ನಮಗೆ ತೋರುವ ಸೊಗಸು ಇಲ್ಲಿಯೇ ಇದೆ. ಹಳೆಯ ಅದೃಷ್ಟವೊಂದು ಸಾಯುವ ಕಾಲಕ್ಕೆ ಅದಕ್ಕೆ ಸ್ಮಾರಕಸ್ತಂಭವನ್ನು ಕಟ್ಟಿ ಕೈತೊಳೆದುಕೊಳ್ಳದೆ, ಅದೃಷ್ಟವನ್ನೇ ಮತ್ತೆ ಬಿತ್ತಿದರು.

ಇಂತಹ ಪದ್ಧತಿಗಳು ಆ ಒಂದೂರಿಗೆ ಮಾತ್ರ ಸೇರಿದವಲ್ಲ. ಇಂಗ್ಲೆಂಡಿನ ಡೆವನ್ ಪ್ರಾಂತದ ಡಾರ್ಟ್‌ಮೂರ್ ಎಂಬ ಹಾಳು ಬಯಲಿನಲ್ಲಿ, ಕ್ರಾನ್‌ಮಿಯರ್ ಕೊಳದ ಬಳಿ, ಜೇಮ್ಸ್ ಪೆರಟ್ ಎಂಬ ದಾರಿತೋರುಗನು 1854ರಲ್ಲಿ ಒಂದು ಸೀಸೆಯನ್ನಿಟ್ಟನು. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಅದರಿಂದ ಬೆಳೆದ ಪೆಟ್ಟಿಗೆ ಹುಡುಕುವ ವಿನೋದವು ಆ ಬಯಲಿನಲ್ಲಿ ಇಂದೂ ನಡೆದಿದೆ. ಅಮೆರಿಕದ ಸರಕಾರವು ಉಪಗ್ರಹಗಳ ಸ್ಥಾನಸಂಕೇತಗಳಲ್ಲಿ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ತೆಗೆದುಹಾಕಿದಾಗ, ಮೇ 3ರಂದು ಓರೆಗನ್ನಿನ ಬೀವರ್‌ಕ್ರೀಕ್ ಸಮೀಪದಲ್ಲಿ ಡೇವ್ ಅಲ್ಮರ್ ಎಂಬುವನು ಒಂದು ಬಕೀಟನ್ನು ಹುದುಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದನು. ಏನಾದರೂ ತೆಗೆದುಕೊ, ಏನಾದರೂ ಇಡು, ಪುಸ್ತಕದಲ್ಲಿ ಹೆಸರು ಬರೆ: ಇಷ್ಟೇ ನಿಯಮ. ಜಿಯೋಕ್ಯಾಷಿಂಗ್ ಎಂಬ ಹೆಸರಿನ ಈ ಆಟದ ಪೆಟ್ಟಿಗೆಗಳು ಈಗ ಲೋಕದಾದ್ಯಂತ ಮೂವತ್ತು ಲಕ್ಷಕ್ಕೆ ಮಿಕ್ಕಿವೆ. ಅಮೆರಿಕದ ಪೂರ್ವ ತೀರದ ಬ್ಲಾಕ್ ದ್ವೀಪದಲ್ಲಿ ಈಬನ್ ಹಾರ್ಟನ್ ಎಂಬ ಗಾಜುಗಾರನು ತನ್ನ ಗೋಲಗಳನ್ನು ವರ್ಷಂಪ್ರತಿ ನೂರರ ಲೆಕ್ಕದಲ್ಲಿ ಅಡಗಿಸುತ್ತ ಬಂದಿರುವನು. 2015ರಲ್ಲಿ ಮ್ಯಾಸಚುಸೆಟ್ಸಿನ ಕೇಪ್ ಕಾಡ್ ತೀರದಲ್ಲಿ ಮೇಗನ್ ಮರ್ಫಿ ಎಂಬ ಮಹಿಳೆಯು ನುಣುಪುಗಲ್ಲುಗಳ ಮೇಲೆ ಧೈರ್ಯದ ಮಾತುಗಳನ್ನು ಬರೆದು ಬಿಟ್ಟು ಬಂದಳು. ಆ ಪದ್ಧತಿ ಕೆಲವೇ ವರ್ಷಗಳಲ್ಲಿ ಸಮುದ್ರಗಳನ್ನು ದಾಟಿತು. ಪುಸ್ತಕವನ್ನು ಓದಿ ಬಯಲಿನಲ್ಲಿ ಬಿಟ್ಟುಹೋಗುವ ಚಳವಳಿಯು 2001ರಲ್ಲಿ ಅಮೆರಿಕದಲ್ಲಿ ಹುಟ್ಟಿ, 2012ರಲ್ಲಿ ಲಂಡನ್ನಿನ ನೆಲದಡಿಯ ರೈಲುಗಳಿಗೂ 2017ರಲ್ಲಿ ದೆಹಲಿಯ ಮೆಟ್ರೋ ರೈಲಿಗೂ ಬಂದಿತು.

ಇವನ್ನು ಕಲೆಯೆಂದು ಕರೆಯಬಹುದೆ? ಬಣ್ಣದ ಕಲ್ಲು ರವಿವರ್ಮನ ಚಿತ್ರವಲ್ಲ; ಗಾಜಿನ ಗುಂಡು ಬೇಲೂರಿನ ಮದನಿಕೆಯಲ್ಲ. ಆದರೆ ಕಲೆಯನ್ನು ವಸ್ತುವಿನಿಂದ ಮಾತ್ರವೇ ಅಳೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಚಿತ್ರಶಾಲೆಯಲ್ಲಿ ಚಿತ್ರವು ಗೋಡೆಯ ಮೇಲಿರುವುದು, ನಾವು ಅದರ ಮುಂದೆ ನಿಲ್ಲುವೆವು, ನಮ್ಮಿಬ್ಬರ ನಡುವೆ ಕಾವಲುಗಾರನು ನಿಲ್ಲುವನು. ಆ ಚಿತ್ರಕ್ಕೆ ನಾವು ಬಂದರೂ ಸರಿ, ಬಾರದಿದ್ದರೂ ಸರಿ. ಅಡಗಿಸಿದ ಗೋಲವಾದರೋ ಹುಡುಕುವವನಿಲ್ಲದೆ ಅಪೂರ್ಣ. ಅವನು ಮುಂಜಾವದಲ್ಲಿ ಎದ್ದು ನಡೆದುದು, ಪ್ರತಿ ದಿಮ್ಮಿಯ ಹಿಂದೆ ಬಗ್ಗಿ ನೋಡಿದುದು, ಹತ್ತು ಸಲ ಹುಸಿಹೋದುದು, ಹನ್ನೊಂದನೆಯ ಸಲ ಬಣ್ಣವೊಂದು ಮಿಂಚಿದುದು, ಇದೆಲ್ಲ ಕೃತಿಯೊಳಗಿನ ಭಾಗ. ದೊರೆಯದೆ ಬರಿಗೈಯಲ್ಲಿ ಹಿಂದಿರುಗಿದವನಿಗೂ ನಷ್ಟವಿಲ್ಲ; ಅವನು ತನ್ನ ಊರಿನ ದಂಡೆಯನ್ನು ಎಂದೂ ನೋಡದಷ್ಟು ಚೆನ್ನಾಗಿ ನೋಡಿದನು. ದಿನವೂ ತುಳಿಯುವ ನೆಲವನ್ನು ಕಣ್ಣಿಟ್ಟು ನೋಡುವಂತೆ ಮಾಡುವ ವಿದ್ಯೆಗೆ ಕಲೆಯೆಂಬ ಹೆಸರು ಸಲ್ಲದಿದ್ದರೆ ಮತ್ತಾವುದಕ್ಕೆ ಸಲ್ಲುವುದೋ ನಾವರಿಯೆವು.

ನಮ್ಮವರಿಗೆ ಇದರ ತತ್ತ್ವವು ಹೊಸದಲ್ಲ. ಗುಪ್ತದಾನವನ್ನು ನಮ್ಮ ಹಿರಿಯರು ದಾನಗಳಲ್ಲಿ ಮೇಲೆಂದು ಎಣಿಸಿದರು. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬ ಮಾತು ನಮ್ಮ ಮನೆಮನೆಯಲ್ಲಿದೆ. ಬೇಸಗೆಯಲ್ಲಿ ದಾರಿಯ ಪಕ್ಕದಲ್ಲಿ ಅರವಟ್ಟಿಗೆ ಇಟ್ಟವನು ಬಾಯಾರಿ ಬಂದವನ ಕುಲಗೋತ್ರಗಳನ್ನು ವಿಚಾರಿಸಬಾರದೆಂಬುದೇ ಆ ಧರ್ಮದ ತಿರುಳು. ಆದರೂ ದಾನಕ್ಕೂ ಈ ಕಾಣಿಕೆಗೂ ಒಂದು ಭೇದವನ್ನು ಗಮನಿಸಬೇಕು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ಕೊಡುವವನು ಎಷ್ಟು ಮರೆಯಾಗಿದ್ದರೂ ಕೊಳ್ಳುವವನಿಗೆ ತನ್ನ ಕೊರತೆಯು ನೆನಪಿರುವುದು. ಅಡಗಿಸಿದ ಗೋಲವನ್ನು ಎತ್ತಿಕೊಂಡವನು ಯಾರಿಗೂ ಕೈಯೊಡ್ಡಲಿಲ್ಲ. ತಾನೇ ಹುಡುಕಿ ಕಂಡನು. ಕೊಟ್ಟವನು ಕೊಟ್ಟ ಪುಣ್ಯವನ್ನೂ, ಪಡೆದವನು ಗಳಿಸಿದ ಹೆಮ್ಮೆಯನ್ನೂ, ಒಂದೇ ವಸ್ತುವಿನಿಂದ ಪಡೆದರು. ಬಡವನೂ ಧನಿಕನೂ ಒಂದೇ ಮರಳಿನಲ್ಲಿ ಒಂದೇ ರೀತಿಯಾಗಿ ಬಗ್ಗಬೇಕು. ಹಸಿದವನಿಗೆ ಅನ್ನವನ್ನೇ ಕೊಡಬೇಕು, ಗಾಜನ್ನಲ್ಲ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅನ್ನವುಂಡ ಮನುಷ್ಯನಿಗೆ ನೆರೆಯವನಲ್ಲಿ ವಿಶ್ವಾಸವೂ ಬೇಕಾಗುವುದು, ಅದನ್ನು ಯಾವ ಉಗ್ರಾಣದಿಂದಲೂ ಅಳೆದುಕೊಡಲಾಗದು.

ಇದೆಲ್ಲ ವಸತಿಗೃಹಗಳವರ ವ್ಯಾಪಾರದ ಹಂಚಿಕೆಯೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪದಲ್ಲಿ ನಿಜಾಂಶವಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಲಿಂಕನ್ ಸಿಟಿಯವರು ಮೊದಲು ಗೋಲಗಳನ್ನು ಅಡಗಿಸಿದುದು ಯಾತ್ರಿಕರು ವಿರಳವಾಗಿರುವ ಚಳಿಗಾಲಕ್ಕೆ. ಜನವನ್ನು ಸೆಳೆಯುವ ಉದ್ದೇಶವು ಅದರಲ್ಲಿ ಸ್ಪಷ್ಟವಾಗಿತ್ತು. ಈಗಲೂ ಅದನ್ನು ನಡೆಸುತ್ತಿರುವುದು ಪ್ರವಾಸಿ ಕಚೇರಿಯೇ. ಆದರೆ ಜಾತ್ರೆಯಲ್ಲಿ ಅಂಗಡಿಗಳಿರುವುದರಿಂದ ಜಾತ್ರೆಯು ಸಂತೆಯಾಗುವುದಿಲ್ಲ. ವಿಚಾರಿಸಬೇಕಾದುದು ಬೇರೆ. ಗೋಲವನ್ನು ಪಡೆಯಲು ವಸತಿಗೃಹದಲ್ಲಿ ಇಳಿದುಕೊಂಡಿರಲೇಬೇಕೆ? ಬೇಕಾಗಿಲ್ಲ. ಊರಿನ ಕೂಲಿಯ ಮಗನಿಗೂ ದೂರದ ಶ್ರೀಮಂತನಿಗೂ ಹಕ್ಕು ಒಂದೇಯೆ? ಒಂದೇ. ಗೋಲಗಳನ್ನು ಮಾಡಿದ ಗಾಜುಗಾರರಿಗೆ ಕೂಲಿ ಸಂದಿತೆ? ಸಂದಿತು, ಅವರ ಹೆಸರೂ ಪ್ರಸಿದ್ಧವಾಯಿತು. ಈ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಪದ್ಧತಿಯಿಂದ ನಾಲ್ಕು ಜನ ವರ್ತಕರಿಗೆ ಲಾಭವಾದರೆ ನಾವು ಕರುಬಬೇಕಾದ ಕಾರಣವಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುವೆವು. ಆ ಗೋಲವನ್ನು ಎಲ್ಲಿ ಅಡಗಿಸಿದರು? ಸರ್ವರಿಗೂ ಸೇರಿದ ಮರಳಿನಲ್ಲಿ. ಆ ಮರಳು ಸರ್ವರದಾದುದು ತಾನಾಗಿಯೇ ಅಲ್ಲ. 1913ರಲ್ಲಿ ಓರೆಗನ್ನಿನ ಗವರ್ನರಾಗಿದ್ದ ಆಸ್ವಾಲ್ಡ್ ವೆಸ್ಟ್ ಮಹಾಶಯನು ಸಮುದ್ರದ ಒದ್ದೆಮರಳನ್ನೆಲ್ಲ ಸಾರ್ವಜನಿಕ ಹೆದ್ದಾರಿಯೆಂದು ಶಾಸನದ ಮೂಲಕ ಸಾರಿಸಿದನು. ಹೆದ್ದಾರಿಯನ್ನು ಯಾರೂ ಬೇಲಿಕಟ್ಟಿ ತನ್ನದೆನ್ನಲಾಗದಲ್ಲವೆ! ಅರ್ಧ ಶತಮಾನ ಕಳೆದ ಮೇಲೆ, 1966ರಲ್ಲಿ, ಒಂದು ವಸತಿಗೃಹದ ಒಡೆಯನು ಒಣಮರಳಿನ ಭಾಗವನ್ನು ಅಡ್ಡಗಟ್ಟಿ ತನ್ನ ಅತಿಥಿಗಳಿಗೆ ಮಾತ್ರವೆಂದು ಮೀಸಲಿಟ್ಟನು. ಜನರು ಸುಮ್ಮನಿರಲಿಲ್ಲ. ವೃತ್ತಪತ್ರಿಕೆಗಳು ಬರೆದವು, ಕಾಗದಗಳು ರಾಶಿಬಿದ್ದವು, ಗವರ್ನರ್ ಟಾಮ್ ಮೆಕಾಲ್ ಮಹಾಶಯನು ತಾನೇ ದಂಡೆಗೆ ಹೋಗಿ ಗೆರೆಯನ್ನು ಅಳೆಯಿಸಿದನು. 1967ರ ಜುಲೈ ತಿಂಗಳಲ್ಲಿ, ಹುಲ್ಲು ಬೆಳೆಯುವ ಗೆರೆಯವರೆಗೆ ಒಣಮರಳಿನ ಮೇಲೆಯೂ ಸಕಲರಿಗೂ ಸಂಚಾರದ ಹಕ್ಕುಂಟೆಂಬ ಶಾಸನಕ್ಕೆ ಸಹಿಬಿದ್ದಿತು. ಆ ಶಾಸನವಿಲ್ಲದಿದ್ದರೆ 1999ರ ಗೋಲಗಳಿಗೆ ನೆಲೆಯೆಲ್ಲಿ? ಖಾಸಗಿ ಬೇಲಿಯೊಳಗೆ ಅಡಗಿಸಿದುದು ಕಾಣಿಕೆಯಾಗದು. ಅದು ಗಿರಾಕಿಗೆ ಕೊಟ್ಟ ಉಡುಗೊರೆಯಾಗುವುದು. ಸಾರ್ವಜನಿಕ ಕಲೆಗೆ ಮೊದಲು ಬೇಕಾದುದು ಸಾರ್ವಜನಿಕ ನೆಲ. ಕಲಾವಿದನಿಗಿಂತ ಮುಂಚೆ ಶಾಸನಕರ್ತನೂ, ಅವನಿಗಿಂತ ಮುಂಚೆ ಎಚ್ಚತ್ತ ಪ್ರಜೆಯೂ ತಮ್ಮ ಕೆಲಸವನ್ನು ಮಾಡಿರಬೇಕು.

ಈ ಆಟವು ಕೆಡುವುದೂ ಉಂಟು; ಕೆಡುವ ದಾರಿಗಳನ್ನು ತಿಳಿಯದೆ ಹೊಗಳುವುದು ವಿವೇಕವಲ್ಲ. ಮೊದಲನೆಯದು ಬೆಲೆಯಿಂದ ಬರುವ ಕೇಡು. ಇಂಗ್ಲೆಂಡಿನಲ್ಲಿ ಕಿಟ್ ವಿಲಿಯಮ್ಸ್ ಎಂಬ ಚಿತ್ರಕಾರನು 1979ರಲ್ಲಿ ಚಿನ್ನದ ಮೊಲವೊಂದನ್ನು ತಾನೇ ಮಾಡಿ ಬೆಡ್‌ಫರ್ಡ್‌ಷೈರಿನ ಆಂಪ್ಟ್‌ಹಿಲ್ ಎಂಬಲ್ಲಿ ಹೂಳಿ, ಅದರ ಸುಳಿವನ್ನು ‘ಮಾಸ್ಕರೇಡ್’ ಎಂಬ ಚಿತ್ರಪುಸ್ತಕದಲ್ಲಿ ಅಡಗಿಸಿದನು. ಚಿತ್ರವನ್ನು ಜನರು ಗಮನವಿಟ್ಟು ನೋಡಲಿ ಎಂಬುದು ಅವನ ಆಸೆ. ಪುಸ್ತಕವು ಲಕ್ಷಗಟ್ಟಲೆ ಮಾರಾಟವಾಯಿತು; ಜನರು ಕಂಡಕಂಡಲ್ಲಿ ನೆಲವನ್ನು ಅಗೆದರು. 1982ರಲ್ಲಿ ಒಬ್ಬನಿಗೆ ಮೊಲವು ದೊರೆಯಿತು. ಆದರೆ ಅವನು ಚಿತ್ರಗಳನ್ನು ಬಿಡಿಸಿ ಕಂಡುದಲ್ಲ. ಚಿತ್ರಕಾರನ ಹಳೆಯ ಪರಿಚಯದವರ ಕಡೆಯಿಂದ ಸುಳಿವು ಹಿಡಿದು ಕಂಡನೆಂದು 1988ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಹೊರಗೆಡವಿತು. ಅಮೆರಿಕದ ಸಾಂಟಾ ಫೆ ನಗರದ ಹಳೆಯ ವಸ್ತುಗಳ ವ್ಯಾಪಾರಿ ಫಾರೆಸ್ಟ್ ಫೆನ್ ಎಂಬುವನು ಚಿನ್ನದ ಪೆಟ್ಟಿಗೆಯನ್ನು ಬೆಟ್ಟಗಳಲ್ಲಿ ಅಡಗಿಸಿ, 2010ರಲ್ಲಿ ಅದರ ಸುಳಿವನ್ನು ಪದ್ಯರೂಪವಾಗಿ ಪ್ರಕಟಿಸಿದನು. 2020ರಲ್ಲಿ ವಯೋಮಿಂಗಿನಲ್ಲಿ ಅದು ಸಿಕ್ಕುವಷ್ಟರಲ್ಲಿ ಐದು ಜನ ಹುಡುಕಾಟದಲ್ಲಿ ಪ್ರಾಣ ಕಳೆದುಕೊಂಡಿದ್ದರು. ಆಸೆಗೆ ಬೆಲೆ ಕಟ್ಟಿದೊಡನೆ ಆಟವು ಬೇಟೆಯಾಗುವುದು. ಗಾಜಿನ ಗೋಲವು ಸುಂದರವಾಗಿರಬೇಕು. ಪ್ರಾಣವನ್ನು ಪಣವಿಡುವಷ್ಟು ಬೆಲೆಯದಾಗಿರಬಾರದು. ನಿಕ್ಷೇಪವನ್ನು ಆಶಿಸಿ ಗುಡಿಗಳ ಗರ್ಭಗೃಹವನ್ನೇ ಅಗೆಯುವ ದುರುಳರನ್ನು ಕಂಡ ನಮ್ಮ ನಾಡಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಜಾಹೀರಾತಿನಿಂದ ಬರುವ ಕೇಡು. 2007ರ ಜನವರಿ 31ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಸೇತುವೆಗಳ ಕೆಳಗೂ ಬೀದಿಗಳಲ್ಲೂ ತಂತಿಗಳೂ ದೀಪಗಳೂ ಉಳ್ಳ ಹಲಗೆಗಳು ಕಂಡುಬಂದು, ಸಿಡಿಮದ್ದಿರಬಹುದೆಂದು ಹೆದ್ದಾರಿಗಳನ್ನೂ ನದಿಯನ್ನೂ ಮುಚ್ಚಬೇಕಾಯಿತು. ವಿಚಾರಿಸಿದರೆ ಅವು ದೂರದರ್ಶನದ ವ್ಯಂಗ್ಯಚಿತ್ರವೊಂದಕ್ಕೆ ಗುಟ್ಟಾಗಿ ಮಾಡಿದ ಪ್ರಚಾರ! ಪ್ರಚಾರ ಮಾಡಿಸಿದವರು 20 ಲಕ್ಷ ಡಾಲರುಗಳನ್ನು ತೆರಬೇಕಾಯಿತು. ಹಣವು ನಗರಕ್ಕೆ ಹಿಂದಿರುಗಿತು. ಆ ದಿನ ಬೀದಿಯ ಅಪರಿಚಿತ ವಸ್ತುವಿನಲ್ಲಿ ಜನರಿಗೆ ಹೋದ ವಿಶ್ವಾಸವು ಹಿಂದಿರುಗಿತೆ? ಜಿಯೋಕ್ಯಾಷಿಂಗಿನ ನಿರಪರಾಧಿ ಪೆಟ್ಟಿಗೆಯೊಂದನ್ನು ಕೂಡ 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಸೈನ್ಯದವರು ಬಂದು ಸ್ಫೋಟಿಸಬೇಕಾಯಿತು. ಸಂಶಯದ ಕಾಲದಲ್ಲಿ ಅಡಗಿಸುವವನ ಹೊಣೆ ಇಮ್ಮಡಿಯಾಗುವುದು.

ಮೂರನೆಯದು ನಿಸರ್ಗಕ್ಕೆ ಆಗುವ ಕೇಡು. ಬಣ್ಣ ಬಳಿದ ಕಲ್ಲುಗಳನ್ನು ತಂದಿಡಬೇಡಿರೆಂದು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಅಧಿಕಾರಿಗಳು ಪದೇಪದೇ ಕೇಳಿಕೊಂಡಿರುವರು. ಬಣ್ಣವು ಮಳೆಗೆ ಕಿತ್ತು ನೀರಿಗೆ ಸೇರುವುದು. ಅರಣ್ಯವನ್ನು ಅರಣ್ಯವಾಗಿ ನೋಡಬಂದವನಿಗೆ ಇನ್ನೊಬ್ಬನ ಸದುಪದೇಶವು ಕಾಲಿಗೆ ತೊಡರುವುದು. ಇಂಗ್ಲೆಂಡಿನಲ್ಲಿ ಅಲೆಗಳ ಕೊರೆತವನ್ನು ತಡೆಯುವ ಕಲ್ಲುಗಳನ್ನು ದಡದಿಂದ ಒಯ್ಯಕೂಡದೆಂದು 1949ರ ತೀರರಕ್ಷಣೆಯ ಶಾಸನವೇ ಹೇಳುವುದು. ಬ್ಲಾಕ್ ದ್ವೀಪದವರು ಈ ವಿಷಯದಲ್ಲಿ ತೋರಿದ ಎಚ್ಚರವು ಮೆಚ್ಚತಕ್ಕದ್ದು. ಮರಳುದಿಬ್ಬಗಳಲ್ಲಿಯೂ ಕುಸಿಯುವ ಕಡಿದಾದ ದಡಗಳಲ್ಲಿಯೂ ಹುಡುಕಬೇಡಿ, ಹಾದಿಯ ಅಂಚನ್ನು ಬಿಟ್ಟು ಹೋಗಬೇಡಿ, ಒಬ್ಬರಿಗೆ ವರ್ಷಕ್ಕೆ ಒಂದು ಗೋಲ ಸಾಕು, ಇನ್ನೊಂದು ಕಂಡರೆ ಮುಂದಿನವರಿಗೆ ಬಿಡಿ ಎಂದು ಅವರು ಕೋರುವರು. ಈ ಕೊನೆಯ ಕೋರಿಕೆಯಲ್ಲಿ ಪೋಲೀಸಿನ ಬಲವಿಲ್ಲ. ಕಂಡುದನ್ನು ಮತ್ತೊಬ್ಬನಿಗಾಗಿ ಬಿಟ್ಟು ನಡೆಯುವವನು ಆ ಕ್ಷಣದಲ್ಲಿ ಹುಡುಕುವವನಾಗಿದ್ದು ಇಡುವವನಾಗುವನು. ನಾಗರಿಕತೆಯೆಂಬುದು ಇದಕ್ಕಿಂತ ಬೇರೆಯೆಂದು ನಾವು ತಿಳಿದಿಲ್ಲ.

ನಮ್ಮ ದೇಶದ ಸ್ಥಿತಿಯೇನು? 1985ರ ಮೇ ತಿಂಗಳಲ್ಲಿ ದೆಹಲಿಯಲ್ಲಿಯೂ ಉತ್ತರ ಭಾರತದ ಇತರ ಸ್ಥಳಗಳಲ್ಲಿಯೂ ದುಷ್ಟರು ರೇಡಿಯೋ ಪೆಟ್ಟಿಗೆಗಳಲ್ಲಿ ಸಿಡಿಮದ್ದನ್ನು ತುಂಬಿ ಬಸ್ಸುಗಳಲ್ಲಿಯೂ ಬೀದಿಗಳಲ್ಲಿಯೂ ಬಿಟ್ಟುಹೋದರು. ಬಿದ್ದ ವಸ್ತುವನ್ನು ಕುತೂಹಲದಿಂದ ಎತ್ತಿದ ಹತ್ತಾರು ನಿರಪರಾಧಿಗಳು ಸತ್ತರು. ಆ ಪಾತಕಿಗಳು ಬಳಸಿಕೊಂಡುದು ಮನುಷ್ಯನ ಇದೇ ಸಹಜ ಕುತೂಹಲವನ್ನು, ಕಂಡುದನ್ನು ಕೈಯಲ್ಲಿ ಹಿಡಿದು ನೋಡುವ ಇದೇ ಬಾಲಬುದ್ಧಿಯನ್ನು. ಅಂದಿನಿಂದ ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿರೆಂಬ ಎಚ್ಚರಿಕೆಯು ನಮ್ಮ ರೈಲ್ವೆ ನಿಲ್ದಾಣಗಳಲ್ಲಿ ಕಿವಿಗೆ ಬೀಳುತ್ತಲೇ ಇದೆ. ಆ ಎಚ್ಚರಿಕೆ ಅವಶ್ಯವಾದುದು. ಅದನ್ನು ಲಘುವಾಗಿ ಕಾಣುವವನು ಮೂರ್ಖ. ಆದರೂ ಒಂದು ಜನಾಂಗವು ಬಿದ್ದುದನ್ನೆಲ್ಲ ಭಯದಿಂದಲೇ ನೋಡಲು ಕಲಿತುದು ಎಂತಹ ನಷ್ಟವೆಂಬುದನ್ನು ನಾವು ಮರೆಯಬಾರದು. ದೆಹಲಿಯ ಮೆಟ್ರೋ ರೈಲಿನಲ್ಲಿ 2017ರಲ್ಲಿ ಪುಸ್ತಕಗಳನ್ನು ಬಿಡತೊಡಗಿದವರು, ಓದಿ ಮತ್ತೊಬ್ಬರಿಗಾಗಿ ಬಿಡಿರೆಂಬ ಚೀಟಿಯನ್ನು ಮೇಲೆಯೇ ಅಂಟಿಸಿದರು. ಹೆದರಿಕೆಯನ್ನು ಕಲಿಸಿದ ನಗರದಲ್ಲಿಯೇ ವಿಶ್ವಾಸದ ಮೊದಲ ಪಾಠವನ್ನು ಮತ್ತೆ ಹೇಳಿಕೊಡುವ ಈ ಸಾಹಸವು ಸಣ್ಣದಾದರೂ ಸ್ತುತ್ಯರ್ಹವಾದುದು.

ನಮ್ಮ ಶಾಸನಗಳೂ ಸಿಕ್ಕಿದ ವಸ್ತುವನ್ನು ಕಳೆದುಹೋದ ವಸ್ತುವೆಂದೇ ಭಾವಿಸುವುವು. 1872ರ ಕರಾರು ಶಾಸನದ 71ನೆಯ ಪ್ರಕರಣದಂತೆ, ಇನ್ನೊಬ್ಬನ ವಸ್ತುವನ್ನು ಕಂಡು ಎತ್ತಿಕೊಂಡವನು ಅದಕ್ಕೆ ಜವಾಬ್ದಾರನು. 1878ರ ನಿಧಿ ಶಾಸನದಂತೆ, ನೆಲದಲ್ಲಿ ಅಡಗಿದ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿಯು ಸಿಕ್ಕಿದರೆ ಕಲೆಕ್ಟರಿಗೆ ಅರಿಕೆಮಾಡಬೇಕು. ಪ್ರಾಮಾಣಿಕತೆಯನ್ನು ಕಾಪಾಡುವ ಈ ನಿಯಮಗಳಲ್ಲಿ ನಮಗೆ ತಕರಾರಿಲ್ಲ. ಒಡೆಯನು ಮನಸಾರೆ ಬಿಟ್ಟುಕೊಟ್ಟ ವಸ್ತುವು ಕಳೆದ ವಸ್ತುವಲ್ಲ. ಆದ್ದರಿಂದ ಬಿಟ್ಟವನು ತನ್ನ ಮನಸ್ಸನ್ನು ವಸ್ತುವಿನ ಮೇಲೆಯೇ ಸ್ಪಷ್ಟವಾಗಿ ಬರೆದಿಡಬೇಕೆಂಬುದಷ್ಟೇ ಇದರಿಂದ ತಿಳಿಯತಕ್ಕದ್ದು. ‘ಇದು ನಿಮಗೆ’ ಎಂಬ ಎರಡು ಮಾತು ಸಾಲದೆ?

ನಮ್ಮಲ್ಲಿ ಇದು ಸಾಧ್ಯವೆ? ಸಾಧ್ಯವೆಂದು ನಂಬಲು ನಮಗೆ ಆಧಾರವಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರ ಆರಂಭದಿಂದ ವಾರವಾರವೂ ಜನರು ತಮ್ಮ ತಮ್ಮ ಪುಸ್ತಕಗಳನ್ನು ತಂದು, ಮರದ ನೆರಳಿನಲ್ಲಿ ಮೌನವಾಗಿ ಕುಳಿತು ಓದುವ ಪದ್ಧತಿ ಬೆಳೆಯಿತು. ಸಭಾಪತಿಯಿಲ್ಲ, ಹಾರತುರಾಯಿಗಳಿಲ್ಲ, ಭಾಷಣವಿಲ್ಲ. ಅದನ್ನು ಕಂಡು ಬೇರೆ ಊರುಗಳೂ ಅನುಸರಿಸಿದವು. ಬಯಲೊಂದಿದ್ದು, ಅದು ಎಲ್ಲರದೆಂಬ ಧೈರ್ಯವಿದ್ದರೆ, ನಮ್ಮ ಜನರಿಗೆ ಯಾರೂ ಏನನ್ನೂ ಕಲಿಸಬೇಕಾಗಿಲ್ಲ. ಆ ಬೆಂಗಳೂರಿಗೆ ಸಮೀಪದಲ್ಲಿಯೇ ಚನ್ನಪಟ್ಟಣವಿದೆ. ಅಲ್ಲಿಯವರು ಆಲೆಮರವನ್ನು ಕಡೆದು, ಅರಗಿನ ಬಣ್ಣವನ್ನೇರಿಸಿ ಮಾಡುವ ಬೊಂಬೆಗಳಿಗೆ ಲೋಕದಲ್ಲಿ ಹೆಸರಿದೆ. ಹೆಸರಿಗೆ ತಕ್ಕ ಕೆಲಸವು ವರ್ಷವೆಲ್ಲ ಅವರಿಗಿರಬೇಕು. ಯಾವ ಪೌರಸಭೆಯಾದರೂ ಒಂದು ಉದ್ಘಾಟನೆಯ ಶಾಮಿಯಾನಕ್ಕೂ ಕಮಾನಿಗೂ ಸುರಿಯುವ ಹಣದಲ್ಲಿ ಅಂಗೈಯಗಲದ ಸಾವಿರ ಬುಗುರಿಗಳನ್ನು ಅವರಿಂದ ಕೊಂಡು, ಮಾಡಿದವನ ಹೆಸರನ್ನು ಬರೆಯಿಸಿ, ಊರಿನ ಉದ್ಯಾನಗಳ ಹಾದಿಗಳ ಅಂಚಿನಲ್ಲಿ ವರ್ಷವಿಡೀ ಅಡಗಿಸಿಟ್ಟರೆ ಏನು ಹಾಳಾಗುವುದು? ಮರವು ಮಣ್ಣಿಗೆ ಸೇರುವ ಪದಾರ್ಥ. ಮಗುವಿನ ಬಾಯಿಗೆ ಹೋದರೂ ವಿಷವಾಗದಂತೆ ಬಣ್ಣವನ್ನು ಆರಿಸಬಹುದು.

ಆದರೆ ಕೆಲವು ಕಟ್ಟುಪಾಡುಗಳನ್ನು ನಾವು ಮೊದಲೇ ಹೇಳಿಬಿಡುವೆವು. ಅಡಗಿಸುವ ವಿಚಾರವನ್ನು ಊರಿಗೆಲ್ಲ ಮುಂಚಿತವಾಗಿ ಸಾರಿರಬೇಕು, ಪೋಲೀಸಿನವರಿಗೆ ತಿಳಿಸಿರಬೇಕು. ವಸ್ತುವು ತೆರೆದುದಾಗಿರಬೇಕು, ಮುಚ್ಚಿದ ಪೆಟ್ಟಿಗೆ ಕೂಡದು. ರೈಲು ನಿಲ್ದಾಣ, ಆಸ್ಪತ್ರೆ, ಕಚೇರಿ, ಪೂಜಾಸ್ಥಳಗಳ ಹತ್ತಿರ ಇಡಬಾರದು. ಅಭಯಾರಣ್ಯಗಳಲ್ಲಿಯೂ ಪುರಾತನ ಕಟ್ಟಡಗಳಲ್ಲಿಯೂ ಎಂದೆಂದಿಗೂ ಸಲ್ಲದು. ಒಬ್ಬನಿಗೆ ಒಂದೇ. ವಸ್ತುವಿನ ಮೇಲೆ ಮಾಡಿದ ಕೈಯ ಹೆಸರಿರಲಿ. ಹಣ ಮಂಜೂರು ಮಾಡಿದ ಅಧ್ಯಕ್ಷರ ಭಾವಚಿತ್ರವಾಗಲಿ, ಯಾವ ಪಕ್ಷದ ಗುರುತಾಗಲಿ, ಯಾವ ಸೋಪಿನ ಹೆಸರಾಗಲಿ ಇರಕೂಡದು. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟವಾದುದೆಂದು ನಮ್ಮ ಪೌರಸಭೆಗಳನ್ನು ಬಲ್ಲ ವಾಚಕರು ಒಪ್ಪುವರು. ಬೀದಿಯ ಬೆಂಚಿನ ಮೇಲೆಯೂ ಬಸ್ಸಿನ ತಂಗುದಾಣದ ಮೇಲೆಯೂ ದೊಡ್ಡಕ್ಷರಗಳಲ್ಲಿ ತಮ್ಮ ಹೆಸರನ್ನು ಕೆತ್ತಿಸಿಕೊಳ್ಳುವವರಿಗೆ, ಹೆಸರಿಲ್ಲದೆ ಕೊಡುವ ವಿದ್ಯೆಯನ್ನು ಕಲಿಸಬೇಕಾಗಿದೆ.

ಎಲ್ಲಕ್ಕಿಂತ ಮೊದಲು ಆಗಬೇಕಾದ ಕಾರ್ಯವನ್ನು ಮತ್ತೊಮ್ಮೆ ಹೇಳಿ ವಿರಮಿಸುವೆವು. ನಮ್ಮ ಊರುಗಳಲ್ಲಿ ಗೋಮಾಳವು ಗೋವುಗಳಿಗೆ ಉಳಿಯಲಿಲ್ಲ, ಕೆರೆಯಂಗಳವು ಕೆರೆಗೆ ಉಳಿಯಲಿಲ್ಲ. ಮಕ್ಕಳ ಆಟದ ಬಯಲೆಂದು ನಕ್ಷೆಯಲ್ಲಿ ಹಸುರು ಬಳಿದ ಚೌಕಗಳಲ್ಲಿ ಎಷ್ಟೋ ಕಡೆ ಇಂದು ಮಳಿಗೆಗಳೆದ್ದಿವೆ. ಅಡಗಿಸಲು ನೆಲವೇ ಇಲ್ಲದಲ್ಲಿ ಏನನ್ನು ಅಡಗಿಸುವುದು, ಯಾರು ಹುಡುಕುವುದು? ಓರೆಗನ್ನಿನವರು 1913ರಲ್ಲಿ ಬಯಲನ್ನು ಉಳಿಸಿಕೊಂಡರು, 1967ರಲ್ಲಿ ಅದಕ್ಕಾಗಿ ಮತ್ತೆ ಕಾದಾಡಿದರು, 1999ರಲ್ಲಿ ಅದರಲ್ಲಿ ಗಾಜಿನ ಗೋಲಗಳನ್ನು ಇಟ್ಟರು. ಕ್ರಮವು ಇದು. ನಾವು ಕೊನೆಯದನ್ನು ಮೊದಲು ಮಾಡಲಾರೆವು. ಪ್ರತಿಯೊಂದು ಊರಿನ ಪೌರರೂ ತಮ್ಮ ಊರಿನಲ್ಲಿ ಉಳಿದಿರುವ ಬಯಲುಗಳ ಪಟ್ಟಿಯನ್ನು ಪೌರಸಭೆಯಿಂದ ಕೇಳಿ ಪಡೆಯಲಿ. ಅವುಗಳ ಎಲ್ಲೆಯನ್ನು ಹೋಗಿ ತಾವೇ ನಡೆದು ನೋಡಲಿ. ಒತ್ತಿದವರನ್ನು ತೆರವು ಮಾಡಿಸಲಿ. ಆ ಬಯಲುಗಳಲ್ಲಿ ಮುಂದೊಂದು ದಿನ ಯಾರದೋ ಮಗುವು ಯಾರೋ ಇಟ್ಟ ಬಣ್ಣದ ಬುಗುರಿಯನ್ನು ಹುಲ್ಲಿನ ಮರೆಯಲ್ಲಿ ಕಾಣಲೆಂದು ನಾವು ಹಾರೈಸುವೆವು.